ಎಡಗೈ ಅಕ್ಷರ

"ತಾತ, ನೀವ್ಯಾಕೆ ಎಡಗೈಲಿ ಬರೀತೀರಾ?"

ಮುಂದಿನ ಬೆಂಚಿನ ಲಿಖಿತಾ ತಿರುಗಿ ಕೂತು ಇಷ್ಟು ಕೇಳಿದ್ದೇ ತಡ, ಚಿಕ್ಕಬೈರಪ್ಪನ ಪೆನ್ಸಿಲ್ಲು ‘ಮಳೆಗಾಲ’ದ ‘ಗಾ’ ಮೇಲೇ ನಿಂತುಬಿಟ್ಟಿತು. ಕೇಳಿದವಳಿಗೆ ಏಳೋ ಎಂಟೋ ವರ್ಷ, ಮುಂದಿನೆರಡು ಹಲ್ಲು ಬಿದ್ದಿವೆ, ಕೇಳಿದ್ದರಲ್ಲಿ ಕುಹಕ ಅನ್ನೋದು ಸಾಸಿವೆಯಷ್ಟೂ ಇಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ಗದರಿಸಿ ಕೂರಿಸಬಹುದಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ಅವನು ಹೆಗಲು ಮುಟ್ಟಿಕೊಳ್ಳಲಿಲ್ಲ, ಪೆನ್ಸಿಲ್ಲನ್ನು ಮಾತ್ರ ಮೆಲ್ಲಗೆ ಡೆಸ್ಕಿನ ಮೇಲಿಟ್ಟ. "ಬಲಗೈ ನೋವು ಕಣಮ್ಮ," ಅಂದ. "ದಿನಾನೂ ನೋವಾ?" "ವಯಸ್ಸಾದ್ಮೇಲೆ ದಿನಾನೂ ನೋವೇ. ನೀನು ಬೋರ್ಡ್ ನೋಡು, ಮಿಸ್ಸು ಅಳಿಸಿಬಿಡ್ತಾರೆ." ಹುಡುಗಿ ನಂಬಿ ತಿರುಗಿದಳು. ನಂಬಿದ್ದೇ ಅವನಿಗೆ ಚುಚ್ಚಿತು. ಅರವತ್ತೇಳು ವರ್ಷದ ಮನುಷ್ಯ. ಕೋಣನಕುಂಟೆಯಲ್ಲಿ ಅಣ್ಣತಮ್ಮಂದಿರ ಸೈಟಿನ ಜಗಳ ಬಿಡಿಸೋಕೆ ಇವತ್ತಿಗೂ ಜನ ಅವನ ಬಾಗಿಲಿಗೆ ಬರುತ್ತಾರೆ, ಬೈರಪ್ಪನೋರು ಹೇಳಿದ್ರೆ ಮುಗೀತು ಅನ್ನುತ್ತಾರೆ. ಅಂಥವನು ಬೆಳ್ಳಂಬೆಳಿಗ್ಗೆ ಎರಡನೇ ಕ್ಲಾಸಿನ ಹುಡುಗಿಗೆ ಸುಳ್ಳು ಹೇಳಿ ಬಚಾವಾದ.

ಪಕ್ಕದಲ್ಲಿ ಮೊಮ್ಮಗಳು ಚೈತನ್ಯ ಡೆಸ್ಕಿನ ಮೇಲೆ ಕೆನ್ನೆ ಒರಗಿಸಿಕೊಂಡು ರಬ್ಬರಿನ ಪುಡಿಯನ್ನು ಬೆರಳಲ್ಲಿ ಒಟ್ಟುಮಾಡುತ್ತಿದ್ದಳು. ಅದನ್ನೇ ಒಂದು ಗುಪ್ಪೆ ಮಾಡೋದು, ಊದೋದು, ಮತ್ತೆ ಒಟ್ಟುಮಾಡೋದು. ನಡುವೆ ಒಂದೊಂದು ಸಲ ಪೆನ್ಸಿಲ್ ಕಡೆ ಕೈ ಚಾಚಿ "ನಂಗೆ" ಅನ್ನುತ್ತಿದ್ದಳು. "ಇರು ಕಂದ, ಆಯ್ತು," ಅನ್ನುತ್ತಿದ್ದ ಅವನು. ಅದು ಆಗುತ್ತಿದ್ದದ್ದು ಬೆಲ್ಲು ಹೊಡೆದ ಮೇಲೆಯೇ. ಮಕ್ಕಳ ಕುರ್ಚಿ, ಕೂತರೆ ಮಂಡಿ ಎದೆಗೆ ತಾಗುತ್ತೆ, ಪಂಚೆ ಸರಿಮಾಡಿಕೊಳ್ಳೋದೇ ಒಂದು ಕೆಲಸ. ಡೌನ್ ಸಿಂಡ್ರೋಮ್ ಇರೋ ಮಗು ನಮ್ಮಲ್ಲಿ ಓದಬೇಕಾದ್ರೆ ಮನೆಯವರೊಬ್ರು ಜೊತೆಗೆ ಕೂರಬೇಕು ಅಂತ ಸ್ಕೂಲಿನವರು ಅಂದಾಗ, ಮಗ ರಘು ಸೊಸೆ ಶೃತಿ ಇಬ್ಬರೂ ಕೆಲಸಕ್ಕೆ ಹೋಗೋರು, ಮುಖಮುಖ ನೋಡಿಕೊಂಡಿದ್ದರು. "ನಾನು ಕೂರ್ತೀನಿ ಬಿಡಿ," ಅಂದಿದ್ದು ಚಿಕ್ಕಬೈರಪ್ಪನೇ. ಅವತ್ತು ಅವನ ಬಾಯಿಂದ ಆ ಮಾತು ಬಂದದ್ದಕ್ಕೆ ಶೃತಿ ಅವನ ಮುಖ ನೋಡಿದ ರೀತಿ ಇನ್ನೂ ಕಣ್ಣಿಗೆ ಕಟ್ಟಿದೆ. ಅದರಲ್ಲಿ ಸಂತೋಷಕ್ಕಿಂತ ಆಶ್ಚರ್ಯ ಜಾಸ್ತಿ ಇತ್ತು.

ಹನ್ನೊಂದೂವರೆಗೆ ಮೀಟಿಂಗು. ಹೆಡ್ ಮಿಸ್ಸು ಕಮಲಾದೇವಿ ಮೇಡಂ ನಿನ್ನೆಯೇ ನಗುನಗುತ್ತಾ ಹೇಳಿದ್ದರು: ಗುಡ್ ನ್ಯೂಸು, ಚೈತನ್ಯ ನೋಟ್ಸ್ ಎಲ್ಲಾ ಕಂಪ್ಲೀಟು, ಇನ್ನು ಅವಳಿಗೆ ದಾನಮ್ಮ ಮಿಸ್ ಬೇಕಾಗಿಲ್ಲ. ದಾನಮ್ಮ ಅಂದರೆ ಮಂಗಳವಾರ ಗುರುವಾರ ಬಂದು ಚೈತನ್ಯಳನ್ನು ಮೂಲೆ ರೂಮಿಗೆ ಕರೆದುಕೊಂಡು ಹೋಗಿ ಜೇಡಿಮಣ್ಣು, ಚಿತ್ರದ ಕಾರ್ಡು, ದಪ್ಪ ಪೆನ್ಸಿಲ್ಲು ಅಂತ ಕೂರೋ ಸ್ಪೆಷಲ್ ಎಜುಕೇಟರು. ಯಾವುದೋ ಟ್ರಸ್ಟಿನವಳು, ಬಸ್ಸಲ್ಲಿ ಇಟ್ಟಮಡು, ಬಿಳೇಕಹಳ್ಳಿ, ಇಲ್ಲಿ ಅಂತ ಮೂರು ಸ್ಕೂಲು ಸುತ್ತುತ್ತಾಳೆ. ಅವಳು ಹೋದರೆ ಏನಾಗುತ್ತೆ ಅನ್ನೋದು ಚಿಕ್ಕಬೈರಪ್ಪನಿಗೆ ಅಂಗೈ ಹುಣ್ಣಿನಷ್ಟು ಸ್ಪಷ್ಟ. ಮಾರ್ಚಿನಲ್ಲಿ ಪರೀಕ್ಷೆ. ಪರೀಕ್ಷೆಯಲ್ಲಿ ತಾತ ಪಕ್ಕ ಕೂರೋ ಹಾಗಿಲ್ಲ. ಮಗು ಖಾಲಿ ಹಾಳೆ ಕೊಟ್ಟು ಬರುತ್ತೆ, ಆಗ ಇದೇ ಮೇಡಂ ಇದೇ ನಗು ಇಟ್ಟುಕೊಂಡು, ಬೇರೆ ಸ್ಕೂಲು ನೋಡ್ಕೊಳ್ಳಿ ಅನ್ನುತ್ತಾರೆ. ಬರೆದದ್ದು ಅವನು, ಬೆತ್ತಲಾಗೋದು ಅವಳು. ಹೇಳಿಬಿಡಬೇಕು. ಹೇಳಿದರೆ ಶೃತಿ ಮುಂದೆ ಹೇಳಬೇಕು. ಅವನು ‘ಗಾ’ ಮುಗಿಸಿ ‘ಲ’ ಬರೆದ, ಅದೂ ಎಡಗೈಯಲ್ಲೇ, ಅಭ್ಯಾಸಬಲ.

ಜುಲೈನಲ್ಲಿ ಶುರುವಾದದ್ದು. ಅದಕ್ಕೆ ಮುಂಚೆ ಅವನು ನೆಟ್ಟಗೇ ಇದ್ದ, ಮಗುವಿನ ಕೈ ಹಿಡಿದು ತಿದ್ದಿಸುತ್ತಿದ್ದ, ಪುಟಕ್ಕೆ ಎರಡು ವಕ್ರ ಗೆರೆ ಮೂಡಿದರೆ ಸಂಜೆ ಹೆಂಡತಿ ಅಕ್ಕಯಮ್ಮನಿಗೆ ತೋರಿಸುತ್ತಿದ್ದ. ಕ್ಲಾಸ್ ಮಿಸ್ಸು ಭಾಗ್ಯಜ್ಯೋತಿ ಕೆಟ್ಟವಳಲ್ಲ, ಮೂವತ್ತಾರು ಮಕ್ಕಳ ಪುಸ್ತಕ ನೋಡಬೇಕು, ಎಲ್ಲರ ಹೆಸರು ಕೂಗಿ ಪುಸ್ತಕ ಕೊಡುತ್ತಿದ್ದಳು. ಗುಡ್, ವೆರಿ ಗುಡ್, ಇನ್ನೂ ನೀಟಾಗಿ ಬರಿ ಅಂತ ಒಂದೊಂದು ಮಾತು. ಚೈತನ್ಯ ಪ್ರತಿ ಹೆಸರಿಗೂ ಅರ್ಧ ಎದ್ದು ನಿಲ್ಲುತ್ತಿದ್ದಳು, ತನ್ನದೇ ಇರಬಹುದು ಅಂತ. ಅವಳ ಪುಸ್ತಕ ಬಂದಾಗ ಮಾತ್ರ ಮಿಸ್ಸು ಹೆಸರು ಕೂಗದೆ, ಪಾಪ ಅನ್ನೋ ಥರ, ಸದ್ದಿಲ್ಲದೆ ಡೆಸ್ಕಿನ ಮೇಲಿಟ್ಟು ಹೋದಳು. ಆ ಸದ್ದಿಲ್ಲದಿರೋದು ಇದೆಯಲ್ಲ, ಅದು ಅವನಿಗೆ ಕಪಾಳಕ್ಕೆ ಹೊಡೆದ ಹಾಗೆ ಆಯಿತು. ಪಂಚಾಯ್ತಿ ಕಟ್ಟೆಯಲ್ಲಿ ಎಂಥೆಂಥವರ ಬಾಯಿ ಮುಚ್ಚಿಸಿದ್ದ, ಈ ಮೌನಕ್ಕೆ ಏನು ಉತ್ತರ ಕೊಡೋದು ಗೊತ್ತಾಗಲಿಲ್ಲ. ಅವತ್ತು ಮನೆಗೆ ಹೋದವನು ಊಟ ಬಿಟ್ಟು ಒಂದು ಪುಟ ತಾನೇ ಬರೆದ. ಬಲಗೈಯಲ್ಲಿ ಬರೆದರೆ ಪಹಣಿ ಬರೆದ ಹಾಗೆ ಕಾಣುತ್ತಿತ್ತು. ಪೆನ್ಸಿಲ್ಲು ಎಡಗೈಗೆ ತಗೊಂಡ. ಅಕ್ಷರ ಸೊಟ್ಟಗೆ, ದೊಡ್ಡದಾಗಿ, ಗೆರೆ ಬಿಟ್ಟು ಹತ್ತಿ ಇಳಿದು, ಥೇಟು ಮಗುವಿನದ್ದೇ ಆಯಿತು. ಮಾರನೆ ದಿನ ಮಿಸ್ಸು, "ಚೈತನ್ಯ, ವೆರಿ ವೆರಿ ಗುಡ್," ಅಂತ ಕೂಗಿ ಒಂದು ಸ್ಟಾರ್ ಅಂಟಿಸಿದಳು, ಇಡೀ ಕ್ಲಾಸು ಚಪ್ಪಾಳೆ ತಟ್ಟಿತು, ಎಲ್ಲರಿಗಿಂತ ಜೋರಾಗಿ ಚೈತನ್ಯ ತಟ್ಟಿದಳು. ಅವನ ಕಣ್ಣು ತುಂಬಿಬಂತು. ಯಾರಿಗೆ ಬಿದ್ದ ಚಪ್ಪಾಳೆ ಅಂತ ಆಗ ಅವನು ಯೋಚಿಸಲಿಲ್ಲ, ಯೋಚಿಸಿದ್ದರೆ ಅಲ್ಲಿಗೇ ನಿಲ್ಲುತ್ತಿತ್ತೋ ಏನೋ.

ನಿಲ್ಲಲಿಲ್ಲ, ಬೆಳೆಯಿತು. ಅಲ್ಲೊಂದು ಒತ್ತು ಬಿಡೋದು, ಇಲ್ಲೊಂದು ದೀರ್ಘ ಮರೆಯೋದು, ವಾರಕ್ಕೊಂದು ಲೆಕ್ಕ ಬೇಕಂತಲೇ ತಪ್ಪು ಮಾಡೋದು. ಪೂರ್ತಿ ಸರಿ ಇದ್ದರೆ ಅನುಮಾನ ಬರುತ್ತಲ್ಲ. ಕೊನೇ ಸಾಲಿನಲ್ಲಿ ಕೂತವನು ಕೈ ಹಿಡಿದು ಬರೆಸುತ್ತಾನೆ ಅಂತಲೇ ಮಿಸ್ಸು ತಿಳಿದಿದ್ದಳು. ಕಳ್ಳಲೆಕ್ಕಕ್ಕೂ ಒಂದು ಕಸುಬುದಾರಿಕೆ ಬೇಕು, ಅದು ತನಗಿದೆ ಅಂತ ಒಳಗೊಳಗೇ ಬೀಗಿದ್ದೂ ಉಂಟು. ಅಕ್ಕಯಮ್ಮ ಮಾತ್ರ ಬಟ್ಟೆ ಮಡಿಸುತ್ತಾ ಒಂದು ಸಲ ನೋಡಿದಳು, ಎರಡು ಸಲ ನೋಡಿದಳು, ಮೂರನೇ ಸಲ, "ಈ ವರ್ಷ ಎರಡನೇ ಕ್ಲಾಸು ಪಾಸಾಗ್ತೀರಾ ಬಿಡಿ, ಚೆನ್ನಾಗ್ ಓದ್ತಿದ್ದೀರಾ," ಅಂದಳು. ಅವನು ರೇಗಿದ. "ಮಗೂನ ಯಾರೂ ಹಿಂದೆ ಬಿದ್ದವಳು ಅನ್ನಬಾರದು ಅಂತ ಕಣೆ." "ಯಾರನ್ನ ಅನ್ನಬಾರದು, ಮಗೂನ್ನಾ, ನಿಮ್ಮನ್ನಾ?" ಅಂತ ಕೇಳಿ ಅವಳು ಮಡಿಸಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು. ನಲವತ್ತು ವರ್ಷ ಸಂಸಾರ ಮಾಡಿದ ಹೆಂಗಸಿನ ಜೊತೆ ವಾದ ಮಾಡಬಾರದು, ಗೆಲ್ಲೋಕಾಗಲ್ಲ.

ಆದರೆ ಇವೆಲ್ಲಾ ಸಹಿಸಿಕೊಳ್ಳಬಹುದಿತ್ತು, ಕಳೆದ ಗುರುವಾರದ್ದು ಆಗಲಿಲ್ಲ. ಬಾಗಲಕೋಟೆ ಕಡೆಯ ದಾನಮ್ಮ, ಇನ್ನೂ ಮೂವತ್ತಾಗಿಲ್ಲ, ಕಾರಿಡಾರಿನಲ್ಲಿ ನೀರಿನ ನಲ್ಲಿ ಹತ್ತಿರ ಅವನನ್ನು ನಿಲ್ಲಿಸಿಕೊಂಡಳು. "ಯಜಮಾನ್ರ, ಒಂದ್ ಮಾತ್ ಕೇಳ್ತೀನ್ರಿ, ತಪ್ಪ್ ತಿಳೀಬ್ಯಾಡ್ರಿ. ನನ್ನ ಹತ್ರ ಅಕಿ ಒಂದ್ ನಿಂತ ಗೆರಿ ಹಾಕೂದ್ರಾಗ ಪೆನ್ಸಿಲ್ ಒಗೀತಾಳ. ನಿಮ್ಮ ಹತ್ರ ಪುಟಗಟ್ಲೆ ಬರೀತಾಳ. ಹೆಂಗ ಕಲಸ್ತೀರಿ? ನನಗೂ ಒಂಚೂರ್ ಹೇಳಿಕೊಡ್ರಿ." ಅವಳ ಕಣ್ಣಲ್ಲಿ ತಮಾಷೆ ಇರಲಿಲ್ಲ. ರಾತ್ರಿ ನಿದ್ದೆ ಬಿಟ್ಟು ಯೋಚಿಸಿದವಳ ಹಾಗೆ ಕಣ್ಣ ಕೆಳಗೆ ಕಪ್ಪಾಗಿತ್ತು. ಆಗಲಾದರೂ ಹೇಳಬೇಕಿತ್ತು. ಅವನು ಏನು ಮಾಡಿದ ಅಂದರೆ, ಕೈ ಹಿಂದೆ ಕಟ್ಟಿಕೊಂಡು, ತಾಳ್ಮೆಯ ಬಗ್ಗೆ ಅವಳಿಗೆ ಹತ್ತು ನಿಮಿಷ ಉಪದೇಶ ಮಾಡಿದ. ಮಗೂನ ಅವಸರ ಮಾಡಬಾರದು ತಾಯಿ, ಹೊಲದಲ್ಲಿ ಬಿತ್ತಿದ ಮೇಲೆ ಕಾಯ್ತೀವಲ್ಲ ಹಾಗೆ, ಅಂದ. ಅವಳು ಬ್ಯಾಗಿನಿಂದ ಸಣ್ಣ ಪುಸ್ತಕ ತೆಗೆದು ಅದನ್ನು ಬರೆದುಕೊಂಡಳು. ಊರಿಗೆಲ್ಲಾ ಶಕುನ ಹೇಳೋ ಹಲ್ಲಿ ಮಜ್ಜಿಗೆ ಗಡಿಗೆಗೆ ಬಿದ್ದಂತೆ ಅನ್ನೋ ಗಾದೆಯನ್ನು ಅವನು ನೂರು ಜನಕ್ಕೆ ಹೇಳಿರಬಹುದು, ಮಜ್ಜಿಗೆ ಹೇಗಿರುತ್ತೆ ಅಂತ ಅವತ್ತು ತಿಳಿಯಿತು. ಆ ಹುಡುಗಿ ಬರೆದುಕೊಂಡಳಲ್ಲ, ಅದನ್ನ ಇವನಿಂದ ಒಂದು ವಾರವಾದರೂ ನುಂಗೋಕೆ ಆಗಿಲ್ಲ.

ಹನ್ನೊಂದೂಕಾಲಿಗೆ ಶೃತಿ ಬಂದಳು. ಜಯನಗರದ ಆಫೀಸಿಂದ ಅರ್ಧ ದಿನ ರಜಾ ಹಾಕಿದ್ದಳು, ಕತ್ತಿನಲ್ಲಿ ಐಡಿ ಕಾರ್ಡು ಹಾಗೇ ಇತ್ತು. ಅವನು ಮೊಮ್ಮಗಳ ಕೈ ಹಿಡಿದು ವರಾಂಡಕ್ಕೆ ಬಂದಾಗ ಅವಳು ಬ್ಯಾಗಿನಿಂದ ಸಣ್ಣ ಫ್ಲಾಸ್ಕು ತೆಗೆದು ಕಾಫಿ ಬಗ್ಗಿಸಿ ಕೊಟ್ಟಳು. "ಮಾವ, ಸಕ್ಕರೆ ಕಮ್ಮಿ ಹಾಕಿಸ್ದೆ." ಮದುವೆಯಾಗಿ ಹತ್ತು ವರ್ಷದಲ್ಲಿ ಸೊಸೆ ಅವನಿಗೆ ಲಕ್ಷ ಲೋಟ ಕಾಫಿ ಕೊಟ್ಟಿದ್ದಾಳೆ, ಎಲ್ಲಾ ಅಡುಗೆಮನೆಯಿಂದ ಟೀಪಾಯಿಗೆ, ಟೀಪಾಯಿಯಿಂದ ಇವನ ಕೈಗೆ. ಹೀಗೆ ಹೊರಗಿನಿಂದ ಹೊತ್ತು ತಂದು ಕೊಟ್ಟದ್ದು ಇದೇ ಮೊದಲು. "ಆಫೀಸಲ್ಲಿ ಎಲ್ರಿಗೂ ಹೇಳಿದೀನಿ, ನಮ್ಮ ಮಾವನೇ ಕೂತು ಕಲಿಸೋದು ಅಂತ. ಯಾರೂ ನಂಬಲ್ಲ. ನಾನೂ ಮೊದ್ಲು..." ಅಂದು ನಿಲ್ಲಿಸಿ ನಕ್ಕಳು. ಆ ನಿಲ್ಲಿಸಿದ ಜಾಗದಲ್ಲಿ ಏನಿತ್ತು ಅಂತ ಇಬ್ಬರಿಗೂ ಗೊತ್ತು. ಮೂರು ಅಂತಸ್ತಿನ ಹೊಸ ಮನೆಯ ಗೃಹಪ್ರವೇಶ, ಆರುನೂರು ಎಲೆ, ನೆಂಟರು, ಊರಿನ ದೊಡ್ಡವರು, ಚೈತನ್ಯ ಏಳು ತಿಂಗಳ ಕೂಸು. ಬೆಳಿಗ್ಗೆ ಅವನು ಸೊಸೆಯ ಹತ್ತಿರ ಹೋಗಿ, "ಮಗೂಗೆ ಜ್ವರ ಅಂತ ಹೇಳ್ತೀನಿ, ನೀನು ಮೇಲಿನ ರೂಮಲ್ಲಿರಮ್ಮ, ಜನ ಏನೇನೋ ಕೇಳ್ತಾರೆ," ಅಂದಿದ್ದ. ಅವಳು ಒಂದು ಮಾತೂ ಆಡದೆ, ರೇಷ್ಮೆ ಸೀರೆ ಉಟ್ಟುಕೊಂಡವಳು ಹಾಗೇ ತಲೆ ತಗ್ಗಿಸಿಕೊಂಡು ಮಗೂನ ಎತ್ತಿಕೊಂಡು ಮೆಟ್ಟಿಲು ಹತ್ತಿದ್ದಳು. ಮಧ್ಯಾಹ್ನ ಅವಳಿಗೆ ಊಟ ಮೇಲಕ್ಕೆ ಕಳಿಸಿದ್ದರು. ಎಲೆ ಹಾಗೇ ವಾಪಸು ಬಂದಿತ್ತು. ಅದಾದ ಮೇಲೆ ಅವಳು ಆ ವಿಷಯ ಎತ್ತಿದ್ದಿಲ್ಲ, ಇವನು ಕ್ಷಮಿಸು ಅಂದದ್ದಿಲ್ಲ, ಕ್ಲಾಸಿನಲ್ಲಿ ಕೂತದ್ದೇ ತನ್ನ ಕ್ಷಮಾಪಣೆ ಅಂತ ಅವನು ಅಂದುಕೊಂಡಿದ್ದ. ಕಾಫಿ ಬಿಸಿಯಿತ್ತು. ಅವನು ಲೋಟ ಕೈಯಲ್ಲೇ ಹಿಡಿದು ನಿಂತ. ಇವತ್ತೊಂದು ದಿನ ಈ ಕಾಫಿ ಕುಡಿದುಬಿಡೋಣ, ಮಾರ್ಚಿನಲ್ಲಿ ಏನಾಗುತ್ತೋ ಆಗಲಿ, ಅಷ್ಟರೊಳಗೆ ನಾನೇ ಕಲಿಸಿಬಿಡ್ತೀನಿ, ನಾನು ಮನಸ್ಸು ಮಾಡಿದರೆ ಏನಾಗಲ್ಲ ಅಂತ ಒಂದು ಮನಸ್ಸು. ಐದು ತಿಂಗಳಲ್ಲಿ ಒಂದಕ್ಷರ ಕಲಿಸಲಿಲ್ಲವಲ್ಲೋ ಮುಠ್ಠಾಳ ಅಂತ ಇನ್ನೊಂದು.

ಕಮಲಾದೇವಿ ಮೇಡಂ ರೂಮಿನಲ್ಲಿ ಫ್ಯಾನು ಸಣ್ಣಗೆ ಕಿರಗುಟ್ಟುತ್ತಿತ್ತು. ದಾನಮ್ಮ ಆಗಲೇ ಒಂದು ಕುರ್ಚಿಯ ತುದಿಯಲ್ಲಿ ಫೈಲು ತೊಡೆಮೇಲಿಟ್ಟುಕೊಂಡು ಕೂತಿದ್ದಳು. ಚೈತನ್ಯ ಸೀದಾ ಅವಳ ಹತ್ತಿರ ಹೋಗಿ ಬ್ಯಾಗಿನ ಜಿಪ್ಪಿಗೆ ಕೈ ಹಾಕಿದಳು, ಕಾರ್ಡು ಎಲ್ಲಿರುತ್ತೆ ಅಂತ ಅವಳಿಗೆ ಗೊತ್ತು. ಮೇಡಂ ನೋಟ್‌ಬುಕ್ಕುಗಳನ್ನು ಮೇಜಿನ ಮೇಲೆ ಹರಡಿದರು. "ನೋಡಿ ಶೃತಿ, ಅಡ್ಮಿಷನ್ ಟೈಮಲ್ಲಿ ನಾನೇ ಹಿಂದೆ ಮುಂದೆ ನೋಡಿದ್ದೆ, ಸುಳ್ಳ್ಯಾಕೆ ಹೇಳ್ಲಿ. ಈಗ ಈ ನೋಟ್ಸ್ ನೋಡಿ. ಕೆಲವು ನಾರ್ಮಲ್ ಮಕ್ಳದ್ದೂ ಇಷ್ಟು ಕಂಪ್ಲೀಟ್ ಇಲ್ಲ." ಶೃತಿ ಪುಟದ ಮೇಲೆ ಬೆರಳಾಡಿಸಿದಳು, ಸೊಟ್ಟ ‘ಮ’, ಸೊಟ್ಟ ‘ಳೆ’, ಅವಳ ಬೆರಳು ಒಂದೊಂದು ಅಕ್ಷರದ ಮೇಲೂ ನಿಂತು ಮುಂದೆ ಹೋಗುತ್ತಿತ್ತು. ತನ್ನ ಅಕ್ಷರವನ್ನು ಯಾರೋ ಹೀಗೆ ಸವರುತ್ತಿದ್ದಾರೆ ಅನ್ನೋದು ಚಿಕ್ಕಬೈರಪ್ಪನಿಗೆ ಮೈಯೆಲ್ಲಾ ಮುದುಡುವಂತೆ ಮಾಡಿತು. "ಬಿಳೇಕಹಳ್ಳೀಲಿ ಒಂದು ಮಗು ಕಾಯ್ತಾ ಇದೆಯಂತೆ, ಟ್ರಸ್ಟಿನವ್ರು ಕೇಳಿದ್ರು. ದಾನಮ್ಮ ಮಿಸ್ಸಿನ ಎರಡೂ ದಿನ ಅಲ್ಲಿಗೆ ಬಿಟ್ಕೊಡೋಣ ಅಂತ. ಚೈತನ್ಯಗೆ ತಾತನೇ ಸಾಕು."

"ಮೇಡಂ, ನನ್ನ ಹತ್ರ ಅಕಿಗೆ ಇನ್ನೂ ನಿಂತ ಗೆರಿ, ಅಡ್ಡ ಗೆರಿಗೇ ಬೆರಳ ಸೋಲ್ತಾವ್ರಿ," ಅಂದಳು ದಾನಮ್ಮ. "ನನಗ ಈಗ ಬಿಡಾಕ ಧೈರ್ಯ ಇಲ್ರಿ."

"ತಪ್ಪು ತಿಳ್ಕೋಬೇಡಿ ಮಿಸ್," ಕಮಲಾದೇವಿ ಮೇಡಂ ಮೆತ್ತಗೆ ಅಂದರು. "ಕೆಲವು ಮಕ್ಳು ಕೆಲವ್ರ ಹತ್ರ ಮಾತ್ರ ಬಿಚ್ಕೋತಾರೆ. ನಿಮ್ಮ ಹತ್ರ ಮಾಡ್ತಿಲ್ಲ ಅಂದ್ರೆ ಅದು ಅವಳಿಗೆ ಬರಲ್ಲ ಅಂತ ಅಲ್ವಲ್ಲ."

ದಾನಮ್ಮ ತೊಡೆಮೇಲಿನ ಫೈಲು ಮುಚ್ಚಿದಳು. ತಲೆ ತಗ್ಗಿಸಿದಳು. ತನಗೇ ಕೆಲಸ ಬರಲ್ಲ ಅಂತ ಒಪ್ಪಿಕೊಂಡವರು ತಗ್ಗಿಸೋ ಹಾಗೆ, ಒಂದು ಮಾತೂ ಆಡದೆ. ಚಿಕ್ಕಬೈರಪ್ಪನಿಗೆ ಗೃಹಪ್ರವೇಶದ ದಿನದ ಶೃತಿ ಕಂಡಳು: ಮೆಟ್ಟಿಲ ಮೇಲೆ ರೇಷ್ಮೆ ಸೀರೆಯ ನೆರಿಗೆ ಒಂದು ಕೈಯಲ್ಲಿ, ಮಗು ಒಂದು ಕೈಯಲ್ಲಿ, ಬಗ್ಗಿದ ಕತ್ತು. ಕೆಳಗೆ ನಿಂತು ನೋಡುತ್ತಿದ್ದವನು ಅವನೇ. ಅವತ್ತು ಬಾಗಿಲು ಹಾಕಿ ಮಗೂನ ಮುಚ್ಚಿಟ್ಟೆ, ಇವತ್ತು ಅಕ್ಷರ ಹಾಕಿ ಮುಚ್ಚಿಟ್ಟೆ, ಮಧ್ಯದಲ್ಲಿ ಏಳೆಂಟು ವರ್ಷ ಎಲ್ಲಿ ಹೋಯ್ತು ಅಂತ ಅವನಿಗೆ ಒಮ್ಮೆಗೇ ಕೋಪ ಬಂತು. ಬಂದದ್ದು ತನ್ನ ಮೇಲೇ ಆದರೂ, ಕೋಪ ಬಂದರೆ ಅವನಿಗೆ ದನಿ ತಾನಾಗಿ ಗಟ್ಟಿಯಾಗುತ್ತೆ, ಸಂಕೋಚ ಹೋಗಿಬಿಡುತ್ತೆ. ಕಟ್ಟೆಯ ಮೇಲೆ ಕೂತು ತೀರ್ಮಾನ ಹೇಳೋ ದನಿ ಅದು.

"ಮೇಡಂ, ಆ ಪುಸ್ತಕ ಬರೆದಿರೋದು ನಾನು."

"ಗೊತ್ತು ಅಂಕಲ್, ನೀವು ಕೈ ಹಿಡಿದು ಬರೆಸ್ತೀರಿ, ಅದಕ್ಕೇ ನಾವು..."

"ಕೈ ಹಿಡಿದು ಬರೆಸಿಲ್ಲ. ನಾನೇ ಬರೆದಿದ್ದೀನಿ. ಮಗು ಒಂದಕ್ಷರಾನೂ ಬರೆದಿಲ್ಲ."

ಯಾರಿಗೂ ಅರ್ಥವಾದ ಹಾಗೆ ಕಾಣಲಿಲ್ಲ. ಮೇಡಂ ಇನ್ನೂ ನಗುವನ್ನು ಪೂರ್ತಿ ಇಳಿಸಿರಲಿಲ್ಲ. ಅವನು ಮೇಜಿನ ಮೇಲಿದ್ದ ಪೆನ್ಸಿಲ್ಲು ಎಡಗೈಗೆ ತಗೊಂಡ, ನೋಟ್‌ಬುಕ್ಕಿನ ಖಾಲಿ ಪುಟ ತಿರುಗಿಸಿದ, ಬರೆದ. ‘ಚೈತನ್ಯ’. ಒತ್ತಕ್ಷರ ಜಾರಿ ಕೆಳಗಿನ ಗೆರೆಗೆ ಬಿತ್ತು, ದಿನಾ ಬೀಳೋ ಹಾಗೆಯೇ. ಅದರ ಕೆಳಗೆ ‘ಎರಡನೇ ತರಗತಿ’. ‘ಗ’ ಉಲ್ಟಾ ತಿರುಗೋಕೆ ಹೋಗಿ ಸರಿಯಾಯಿತು. ಅಕ್ಷರ ಅವನ ದಪ್ಪ ಬೆರಳಿನ ತುದಿಯಿಂದ ಒಂದೊಂದೇ ಇಳಿಯೋದನ್ನ ಮೂವರು ಹೆಂಗಸರೂ ಬಗ್ಗಿ ನೋಡಿದರು. ಇಷ್ಟು ವರ್ಷದಲ್ಲಿ ಎಷ್ಟೋ ಕಡೆ ಸಹಿ ಹಾಕಿದ್ದ, ಯಾವತ್ತೂ ಕಿವಿಯವರೆಗೆ ಬಿಸಿಯೇರಿರಲಿಲ್ಲ. ಪೆನ್ಸಿಲ್ಲು ಕೆಳಗಿಟ್ಟ.

"ಎಲ್ಲಾನೂನಾ ಮಾವ?" ಅಂದಳು ಶೃತಿ. ಅವಳು ಅವನ ಮುಖ ನೋಡಿ ಕೇಳಲಿಲ್ಲ.

"ಎಲ್ಲಾನೂ. ಜುಲೈಯಿಂದ."

"ಸ್ಟಾರು?"

"ಎಲ್ಲಾ ನಂದೇ ಕಣಮ್ಮ."

ಅವಳು ನೋಟ್‌ಬುಕ್ಕು ಮುಚ್ಚಿ ಮೇಜಿನ ಮಧ್ಯಕ್ಕೆ ತಳ್ಳಿದಳು. ಅಳಲಿಲ್ಲ. ಅತ್ತಿದ್ದರೆ, ಬೈದಿದ್ದರೆ, ಅವನಿಗೆ ಎಷ್ಟೋ ಸುಲಭವಾಗುತ್ತಿತ್ತು. ಕಮಲಾದೇವಿ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡು, "ಇದೇನ್ ಅಂಕಲ್ ಇದು, ನಾವು ಇದನ್ನ ನೋಡ್ಕೊಂಡು ಡಿಸೈಡ್ ಮಾಡ್ತಿದ್ವಿ," ಅಂದರು. ಆಮೇಲೆ ಹೆಡ್ ಮಿಸ್ಸಿನ ದನಿಯಲ್ಲಿ, "ನಾಳೆಯಿಂದ ನೀವು ಕ್ಲಾಸಲ್ಲಿ ಕೂರೋದು ಬೇಡ. ಆಯಾಗೆ ಜೊತೆಗೆ ಕೂರೋಕೆ ಹೇಳ್ತೀನಿ," ಅಂದರು. ಎರಡನೇ ಕ್ಲಾಸಿನಿಂದ ಅವನನ್ನ ಡಿಬಾರು ಮಾಡಿದ ಹಾಗಾಯಿತು. "ಆಗ್ಲಿ ಮೇಡಂ," ಅಂದ. ಅವನು ಕಾಯುತ್ತಿದ್ದದ್ದು ದಾನಮ್ಮನ ಬೈಗುಳಕ್ಕೆ. ಅವಳು ತಲೆ ಎತ್ತಿದಾಗ ನೋಡಿದರೆ ಮುಖ ಹಗುರವಾಗಿತ್ತು, ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗು ತಡೆದುಕೊಳ್ಳೋಕೆ ಆಗುತ್ತಿರಲಿಲ್ಲ. "ಯಜಮಾನ್ರ, ನನಗ ಹುಚ್ಚ ಹಿಡಿಸಿದ್ರಿ ನೀವು. ಈ ಕೆಲಸಾನ ಬಿಟ್ಟಬಿಡೂಣು ಅಂತ ನಮ್ಮ ಅವ್ವಗ ಫೋನ್ ಮಾಡಿ ಹೇಳಿದ್ದೆ." ಅವನು ಎರಡೂ ಕೈ ಜೋಡಿಸಿದ. ಸೊಸೆಗೆ ಏಳೆಂಟು ವರ್ಷ ಬಾಯಿಬಿಟ್ಟು ಹೇಳದೇ ಇದ್ದ ಮಾತೊಂದಿತ್ತು. ಜೋಡಿಸಿದ ಕೈಯನ್ನು ಹಾಗೇ ಶೃತಿ ಕಡೆಗೂ ತಿರುಗಿಸಿ, "ತಪ್ಪಾಯ್ತು ಕಣಮ್ಮ. ಗೃಹಪ್ರವೇಶದ ದಿನದ್ದೂ ಸೇರಿ," ಅಂದ. ಶೃತಿ ಆಗ ಅವನ ಮುಖ ನೋಡಿದಳು.

ದಾನಮ್ಮ ಫೈಲಿನಿಂದ ಒಂದು ಫಾರಂ ತೆಗೆದಳು. ಬಿಳೇಕಹಳ್ಳಿ ಮಗುವಿಗೆ ತಾನು ಶನಿವಾರ ಹೋಗ್ತೀನಿ, ಇಲ್ಲಿಯ ಮಂಗಳವಾರ ಗುರುವಾರ ಬಿಡಲ್ಲ, ಆದರೆ ಟ್ರಸ್ಟಿಗೆ ಇವತ್ತೇ ಬರೆದು ಕಳಿಸಬೇಕು ಅಂದಳು. ಮೇಡಂ ಹೂಂ ಅಂದರು. ಫಾರಮ್ಮಿನಲ್ಲಿ ಎರಡು ಉದ್ದ ಕಾಲಂ: ತಾನಾಗೇ ಬರೋದು, ಸಹಾಯ ಬೇಕಾದದ್ದು. "ಮನಿಯವ್ರು ಹೇಳಬೇಕ್ರಿ ಇದನ್ನ. ಅಕಿಗೆ ಏನೇನ್ ಬರಂಗಿಲ್ಲ, ಒಂದೊಂದ್ ಹೇಳ್ರಿ." ಶೃತಿ ಬಾಯಿ ತೆರೆದಳು. "ಅವಳಿಗೆ... ಮಾತು ಸ್ವಲ್ಪ..." ಅಂದವಳಿಗೆ ಮುಂದಕ್ಕೆ ಹೋಗಲಿಲ್ಲ. ಯಾವ ತಾಯಿಗೆ ಹೋಗುತ್ತೆ? ಮಗುವಿಗೆ ಸಹಾಯ ಬೇಕು ಅಂದರೆ ಮಗುವಿಗೆ ಏನೇನಾಗಲ್ಲ ಅಂತ ಹೆತ್ತವರೇ ಬಾಯಿಬಿಟ್ಟು ಪಟ್ಟಿ ಮಾಡಬೇಕು. ಇದೊಳ್ಳೆ ನ್ಯಾಯ ಅಂದುಕೊಂಡ ಚಿಕ್ಕಬೈರಪ್ಪ. ಚೈತನ್ಯ ನೆಲದ ಮೇಲೆ ಕಾರ್ಡು ಜೋಡಿಸಿಕೊಂಡು ಕೂತಿದ್ದಳು. "ಅವಳ ಎದುರಿಗೇ ಹೇಳೋದಾ?" ಅಂತ ಕೇಳಿದ. "ಅಕಿಗೆ ಗೊತ್ತಿಲ್ದೇ ಇರೂದು ಇದರಾಗ ಏನೈತ್ರಿ?" ಅಂದಳು ದಾನಮ್ಮ.

ಹಾಗಾದರೆ ತಾನೇ ಹೇಳಬೇಕು ಅಂತ ಬೆನ್ನು ನೆಟ್ಟಗೆ ಮಾಡಿಕೊಂಡ. ಇಷ್ಟು ದಿನ ಮುಚ್ಚಿದವನು ಬಿಚ್ಚೋದಾದರೆ ಗೊಣಗಿಕೊಂಡಲ್ಲ, ಜೋರಾಗೇ ಬಿಚ್ಚಬೇಕು. "ಬರ್ಕೊಳ್ಳಿ ತಾಯಿ. ಪೆನ್ಸಿಲ್ ಹಿಡಿದ್ರೆ ಬೆರಳು ಬೇಗ ಸೋಲ್ತವೆ. ಹತ್ತರ ಮೇಲೆ ಎಣಿಸೋಕೆ ಬರಲ್ಲ. ಇಪ್ಪತ್ತರವರೆಗೆ ಬರುತ್ತೆ ಅಂತ ಹೋದ್ಸಲ ಬರೆಸಿದ್ದೆ, ಅದೂ ಸುಳ್ಳು. ಬಾತ್‌ರೂಮಿಗೆ ಹೋಗ್ಬೇಕು ಅಂತ ಹೊಸಬರ ಹತ್ರ ಹೇಳೋಕೆ ಬರಲ್ಲ, ಕುಣಿದು ತೋರಿಸ್ತಾಳೆ, ನೋಡಿದವ್ರಿಗೆ ಅರ್ಥ ಆಗ್ಬೇಕು. ಯಾರಾದ್ರೂ ಟಿಫನ್ ಬಾಕ್ಸು ಕಿತ್ಕೊಂಡ್ರೆ ಬೇಡ ಅನ್ನೋಕೆ ಬರಲ್ಲ, ಕೊಟ್ಟುಬಿಡ್ತಾಳೆ. ಶರ್ಟಿನ ಗುಂಡಿ ಹಾಕ್ಕೊಳ್ಳೋಕೆ ಬರಲ್ಲ." ಹೇಳುತ್ತಾ ಹೋದ ಹಾಗೆ ಅವನಿ​ಗೇ ವಿಚಿತ್ರ ಅನ್ನಿಸಿತು. ಆಕಾಶ ಬೀಳಲಿಲ್ಲ. ಫ್ಯಾನು ಕಿರಗುಟ್ಟುತ್ತಲೇ ಇತ್ತು, ದಾನಮ್ಮನ ಪೆನ್ನು ಓಡುತ್ತಲೇ ಇತ್ತು, ಹೇಳಿದ ಒಂದೊಂದು ಮಾತೂ ಒಂದು ಸಾಲಿನ ಕೆಲಸವಾಗಿ ಕಾಲಮ್ಮಿನಲ್ಲಿ ಕೂರುತ್ತಿತ್ತು, ಅಷ್ಟೇ. ಅವನ ದನಿ ಇನ್ನೂ ಏರಿತು. "ಬಾಚಣಿಗೆ ಹಿಡಿಯೋಕೆ ಬರಲ್ಲ. ಶೂ ಹಾಕ್ಕೊಳ್ಳೋಕೆ ಬರಲ್ಲ."

"ಬತ್ತದೆ," ಅಂತ ನೆಲದಿಂದ ದನಿ ಬಂತು.

ಎಲ್ಲರೂ ತಿರುಗಿದರು. ಚೈತನ್ಯ ಕಾರ್ಡು ಬಿಟ್ಟಿದ್ದಳು. "ಶೂ ಬತ್ತದೆ, ತಾತ," ಅಂದಳು ಮತ್ತೆ, ಅವನದೇ ಮಾತಿನ ಧಾಟಿಯಲ್ಲಿ, ತಪ್ಪು ಹೇಳಿದವರನ್ನ ತಿದ್ದೋ ಹಾಗೆ. ಬಲಗಾಲಿನ ಕಪ್ಪು ಶೂ ಎಳೆದು ತೆಗೆದು ತೊಡೆಮೇಲೆ ಇಟ್ಟುಕೊಂಡಳು. ಬಕಲ್ಲಿನ ಶೂ, ಪಟ್ಟಿಯನ್ನು ಸಣ್ಣ ಕಬ್ಬಿಣದ ಕಣ್ಣಿನೊಳಗೆ ತೂರಿಸಿ ಎಳೆದು ಮುಳ್ಳಿಗೆ ಸಿಕ್ಕಿಸಬೇಕು. ದಿನಾ ಬೆಳಿಗ್ಗೆ ಅವನೇ ಹಾಕೋದು, ಎರಡೂ ಸೇರಿ ಅರ್ಧ ನಿಮಿಷ, ಆಟೋ ಕಾಯ್ತಿರುತ್ತೆ. ದಾನಮ್ಮನ ಕಡೆ ನೋಡಿದ. ಅವಳೂ ತಲೆಯಾಡಿಸಿದಳು, ತನಗೂ ಗೊತ್ತಿಲ್ಲ ಅಂತ.

ಕಾಲು ತೂರಿಸೋದಕ್ಕೇ ಎಷ್ಟೋ ಹೊತ್ತಾಯಿತು. ಶೂವಿನ ಹಿಂಭಾಗ ಮಡಚಿಕೊಂಡು ಒಳಗೆ ಹೋಯಿತು, ತೆಗೆದಳು, ಮತ್ತೆ ತೂರಿಸಿದಳು. ಮೆತ್ತಗಿನ ಗಿಡ್ಡ ಬೆರಳು ಪಟ್ಟಿಯ ತುದಿ ಹಿಡಿದವು, ಬಕಲ್ಲಿನ ಕಣ್ಣಿನ ಹತ್ತಿರ ತಂದವು, ಪಟ್ಟಿ ಪಕ್ಕಕ್ಕೆ ಜಾರಿತು. ನಾಲಿಗೆ ಹೊರಗೆ ಬಂತು. ಮತ್ತೆ ಹಿಡಿದಳು, ಜಾರಿತು. ಚಿಕ್ಕಬೈರಪ್ಪನ ಎರಡೂ ಕೈ ತಾವಾಗೇ ಮುಂದಕ್ಕೆ ಹೊರಟವು. ಅವನು ಅವನ್ನ ವಾಪಸು ಎಳೆದು ತೊಡೆಯ ಕೆಳಗೆ ಒತ್ತಿ ಅದರ ಮೇಲೆ ಕೂತ. ಮೇಡಂ ಮೊಬೈಲು ಗುಂಯ್‌ಗುಟ್ಟಿತು, ಅವರು ನೋಡದೆ ಬೋರಲು ಹಾಕಿದರು. ಹೊರಗೆ ಬೆಲ್ಲು ಹೊಡೆದು ಮಕ್ಕಳೆಲ್ಲಾ ಗಲಗಲ ಅಂತ ವರಾಂಡ ದಾಟಿದರು. ಶೃತಿ ತಡೆಯಲಾರದೆ ಕುರ್ಚಿಯಿಂದ ಬಗ್ಗಿದಳು. "ಬಿಡಮ್ಮ," ಅಂದ ಅವನು. "ಅವಳೇ ಹಾಕ್ಕೊಳ್ಳಲಿ." ಶೃತಿ ಹಾಗೇ ನಿಂತಳು, ಆಮೇಲೆ ಕುರ್ಚಿಗೆ ಹೋಗದೆ ನೆಲದ ಮೇಲೆ ಮಗಳಿಂದ ಒಂದು ಮಾರು ದೂರದಲ್ಲಿ ಕೂತಳು. ಪಟ್ಟಿ ಕಣ್ಣಿನೊಳಗೆ ಹೋಯಿತು. ಮುಳ್ಳು ಸಿಕ್ಕಲಿಲ್ಲ. ಚೈತನ್ಯ ಪಟ್ಟಿಯನ್ನು ಹಲ್ಲಲ್ಲಿ ಕಚ್ಚಿ ಎಳೆಯೋಕೆ ಪಾದವನ್ನೇ ಬಾಯಿಯವರೆಗೆ ತಂದಳು. ಮೈ ರಬ್ಬರಿನ ಹಾಗೆ ಬಗ್ಗುತ್ತೆ ಅವಳದು. ಎಳೆದಳು. ಮುಳ್ಳು ಕೊನೇ ತೂತಿಗೆ, ಎಲ್ಲಕ್ಕಿಂತ ಸಡಿಲವಾದ ತೂತಿಗೆ, ಸಿಕ್ಕಿತು. ಎದ್ದು ನಿಂತಳು. ನಡೆದರೆ ಶೂ ಲೊಟಕ್ ಲೊಟಕ್ ಅಂತಿತ್ತು. ಅದರಲ್ಲೇ ಮೇಜಿನವರೆಗೆ ಬಂದು ತಾತನ ಮುಂದೆ ಕಾಲು ಚಾಚಿದಳು.

ದಾನಮ್ಮ ಒಂದು ಕಾಲಮ್ಮಿನಲ್ಲಿ ಬರೆದದ್ದನ್ನು ಹೊಡೆದುಹಾಕಿ ಇನ್ನೊಂದರಲ್ಲಿ ಬರೆದಳು. ಆ ಕಾಲಮ್ಮಿನಲ್ಲಿ ಅದೇ ಮೊದಲ ಸಾಲು. "ಎಷ್ಟೊತ್ತ ಹಿಡೀತ್ರಿ? ಅದನ್ನೂ ಹಾಕಬೇಕು."

ಗೋಡೆ ಗಡಿಯಾರದ ಕಡೆಗೂ ಒಂದು ಕಣ್ಣಿಟ್ಟಿದ್ದ ಚಿಕ್ಕಬೈರಪ್ಪ, "ಏಳು ನಿಮಿಷ," ಅಂದ. "ಏಳು ಅಂತಲೇ ಬರೀರಿ, ಒಂದೂ ಕಮ್ಮಿ ಮಾಡಬೇಡಿ." ಅಂದ ಮೇಲೆ ಅವನಿಗೆ ಹೊಳೆಯಿತು, ಈ ಮಗು ಹುಟ್ಟಿ ಎಂಟು ವರ್ಷವಾಯಿತು, ಇವಳಿಗೋಸ್ಕರ ತಾನು ಏಳು ನಿಮಿಷ ಸುಮ್ಮನೆ ಕೂತು ಕಾದದ್ದು ಇದೇ ಮೊದಲು.